ಓ ಅಂದ ಮೇಲೆ

ಹುಚ್ಚೆಳ್ಳು ಹುರಿಯುವ ಘಮ ಎಲ್ಲಿಂದ ಬಂದರೂ ಸಿಂಚನಳಿಗೆ ಅಜ್ಜಿಯ ಗದರಿಕೆ ನೆನಪಾಗುತ್ತಿತ್ತು. ಸೀಬೆಮರದ ಮೇಲೆ ಕೂತು ಹಕ್ಕಿ ನೋಡುತ್ತಿದ್ದ ಹುಡುಗಿ ಊಟಕ್ಕೆ ಕರೆದಾಗಲೆಲ್ಲ "ಓ" ಎನ್ನುತ್ತಿದ್ದಳೇ ಹೊರತು ಇಳಿದು ಬರುತ್ತಿರಲಿಲ್ಲ.

"ಓ ಅಂದ್ಮೇಲೆ ಬರ್ಬೇಕು ಕಣೇ. ಬರಲ್ಲ ಅಂದ್ರೆ ಓ ಅನ್ಬ್ಯಾಡ. ಕರೆದೋರು ಕಾಯ್ತಾ ಕೂತಿರ್ತಾರೆ."

ಈಗ ಅರವತ್ತರ ಹತ್ತಿರದ ವಿಜ್ಞಾನಿ ಸಿಂಚನ ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತಿದ್ದಾಗ ಅದೇ ಘಮ ಲೋಹಿತನ ಊಟದ ಚೀಲದಿಂದ ಬಂತು. ಲೋಹಿತ್ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಬಂದವರಿಗೆಲ್ಲ ಹಕ್ಕಿ ತೋರಿಸುವುದು ಅವನ ಈಗಿನ ಸಂಭ್ರಮ. ಅವನ ಕೈಯಲ್ಲಿ ತೆರೆದಿದ್ದುದು ಸಿಂಚನಳೇ ಕಂಡುಹಿಡಿದ 'ಓಗೊಡುವ ಪುಸ್ತಕ'.

ನೋಡಲು ಅದು ಹಕ್ಕಿ ಗುರುತಿಸುವ ಹಳೆಯ ಕೈಪಿಡಿಯಂತೆಯೇ ಇತ್ತು. ಆದರೆ ಅದರ ಹಾಳೆಗಳಿಗೆ ಕಿವಿಯಿತ್ತು, ಗಂಟಲಿತ್ತು. ಚಿತ್ರದ ಮೇಲೆ ಬೆರಳಿಟ್ಟರೆ ಕಾಗದದೊಳಗೆ ನೇಯ್ದ ಸೂಕ್ಷ್ಮ ತಂತುಗಳು ಪೊದೆಯೊಳಗಿನ ಹಕ್ಕಿಯ ಕೂಗನ್ನು ಕೇಳಿ, ಅದರ ಏರಿಳಿತ ಅಳೆದು, ಅದರ ಜೋಡಿ ಏನು ಹೇಳುತ್ತಿತ್ತೋ ಅದನ್ನೇ ಹೇಳುತ್ತಿದ್ದವು. ಹಕ್ಕಿ ಹೊರಗೆ ಬಂದು ಕೂರುತ್ತಿತ್ತು. ಗಾಲಿಕುರ್ಚಿಯಲ್ಲಿ ಕೂತವರೂ ಅದರ ಕೊರಳಿನ ಬಣ್ಣ, ಬಾಲದ ಅಂಚನ್ನು ಚಿತ್ರದೊಂದಿಗೆ ಹೋಲಿಸಿ ನೋಡಬಹುದಿತ್ತು. ಸಿಂಚನ ಕಾಲೇಜಿನಲ್ಲಿದ್ದಾಗ ಜನ ಫೋನಿನಲ್ಲಿ ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಗಳನ್ನು ಕರೆಯುತ್ತಿದ್ದರು. ಅವಳೂ ಇದೇ ಬೆಟ್ಟದಲ್ಲಿ ಕರೆದಿದ್ದಳು. ಗೆಳತಿಯರು ಚಪ್ಪಾಳೆ ತಟ್ಟಿದ್ದರು. ಪುಸ್ತಕ ಹುಟ್ಟಿದ್ದು ಆ ಚಪ್ಪಾಳೆಯಿಂದ.

"ನೋಡಿ ಮೇಡಂ, ಹಳದಿ ಕೊರಳಿನ ಪಿಕಳಾರ," ಎಂದ ಲೋಹಿತ್. "ನಮ್ಮನೆಯವ್ಳು ನಾಕು ಸಲ ಕೂಗಿದ್ರೂ ನಾನು ಓಗೊಡಲ್ಲ. ನಿಮ್ ಪುಸ್ತಕ ಒಂದೇ ಕೂಗಿಗೆ!"

ಗಂಡುಹಕ್ಕಿ ತೀರ ಹತ್ತಿರದ ಬಂಡೆಗೆ ಬಂದು, ತಲೆ ಓರೆ ಮಾಡಿ ಪುಸ್ತಕವನ್ನೇ ನೋಡಿತು.

"ದಿನಾ ಬರುತ್ತಾ?"

"ಹೋದ್ರೆ ತಾನೇ ಬರೋಕೆ? ಯುಗಾದಿಯಿಂದ ಇಲ್ಲೇ. ಒಬ್ರಾದ್ಮೇಲೆ ಒಬ್ರು ಬರ್ತಾರೆ, ಪುಟ ತೆಗೀತಾರೆ, ಇವನೂ ಸಂಜೆವರೆಗೂ ಮಾತಾಡ್ತಾನೆ. ಊಟ ತಿಂಡಿನೂ ಬಿಟ್ಬುಟ್ಟವ್ನೆ, ಹೊಸ ಮದ್ವಣಿಗ!"

ಸಿಂಚನ ನಗಲಿಲ್ಲ. "ಇದರ ಗೂಡೆಲ್ಲಿ?"

ಗೂಡಿನ ಯೋಚನೆಯೇ ಲೋಹಿತನಿಗೆ ಬಂದಿರಲಿಲ್ಲ.

ಹುಡುಕಿದಾಗ ಅದು ಬಂಡೆಯ ಬಿರುಕಿನ ಪೊದೆಯಲ್ಲಿ ಸಿಕ್ಕಿತು. ಎರಡು ಮರಿಗಳು, ಬಾಯಿ ತೆರೆದಂತೆಯೇ ಸತ್ತಿದ್ದವು. ಇರುವೆಗಳ ಸಾಲು ಗೂಡಿನೊಳಗೆ ಹೋಗಿ ಬರುತ್ತಿತ್ತು. ಮೇಲಿನ ಕೊಂಬೆಯಲ್ಲಿ ಹೆಣ್ಣುಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದು ಸುಮ್ಮನೆ ಕೂತಿತ್ತು.

"ಇಬ್ಬರೂ ಉಣಿಸಬೇಕು," ಎಂದಳು ಸಿಂಚನ. "ಒಬ್ಬಳ ಕೈಲಿ ಆಗಲ್ಲ."

"ಬಂದೋರಿಗೆ ತೋರ್ಸೋಣ ಅಂತ ನಾನು..." ಲೋಹಿತ್ ಪುಸ್ತಕ ಮಡಚಿದ.

"ನೀವಲ್ಲ ಲೋಹಿತ್. ಓ ಅಂದವಳು ನಾನು."

ಬಂಡೆಯ ಮೇಲೆ ಕೂತು, ಲೋಹಿತನ ಪುಸ್ತಕದಲ್ಲಿ ತನಗೊಬ್ಬಳಿಗೇ ಗೊತ್ತಿದ್ದ ಸಂಕೇತ ಒತ್ತಿ, ಎಲ್ಲೆಡೆಯ ಎಲ್ಲ ಪುಸ್ತಕಗಳ ಗಂಟಲನ್ನೂ ಅವಳು ಮುಚ್ಚಿದಳು. ಚಿತ್ರಗಳು ಉಳಿದವು, ದನಿ ಹೋಯಿತು. ಕೆಳಗಿನ ದಾರಿಯಲ್ಲಿ ಒಂದು ಮಗು, "ಅಪ್ಪಾ, ಕೆಟ್ಟೋಯ್ತು!" ಎಂದು ಅತ್ತಿತು.

ಗಂಡುಹಕ್ಕಿ ಕೂಗಿತು. ಕಿವಿಗೊಟ್ಟಿತು. ಮತ್ತೆ ಕೂಗಿತು. ಗಂಟಲು ಮುಚ್ಚಲು ಒಂದು ಬೆರಳು ಸಾಕಾಗಿತ್ತು. ಇನ್ನು ಕಾಯಬೇಡ ಎಂದು ಹೇಳುವ ಮಾತು ಯಾವ ಪುಟದಲ್ಲೂ ಇರಲಿಲ್ಲ.

"ಮೇಡಂ, ಊಟ," ಎಂದು ನೆರಳಿನಿಂದ ಲೋಹಿತ್ ಕರೆದ.

"ಓ" ನಾಲಿಗೆಯ ತುದಿಗೆ ಬಂತು. ಕೂಗುತ್ತಿದ್ದ ಹಕ್ಕಿಯನ್ನು ಬಿಟ್ಟು ಎದ್ದು ಹೋಗಲು ಆಗುತ್ತಿರಲಿಲ್ಲ; ಅದಕ್ಕೇ ಅವಳು ಅನ್ನಲಿಲ್ಲ.

ಅವನು ಎರಡನೇ ಸಲ ಕರೆಯಲಿಲ್ಲ. ತಾನೇ ಎದ್ದು ಬಂದು, ಹುಚ್ಚೆಳ್ಳಿನ ಪುಡಿ ಉದುರಿಸಿದ ರೊಟ್ಟಿಯನ್ನು ಅವಳ ಅಂಗೈಯಲ್ಲಿಟ್ಟು, ಪಕ್ಕದಲ್ಲಿ ಕೂತ.