ಒರೆಸಿಟ್ಟ ಕಂಪ್ಯೂಟರ್

ಆರು ವರ್ಷದ ಹಿಂದೆ ಬೇರೆ ಊರಿನ ದೊಡ್ಡ ಡೆಂಟಲ್ ಲ್ಯಾಬೊಂದು ತಮ್ಮನನ್ನು ಕೆಲಸಕ್ಕೆ ಕರೆದಿತ್ತು. ಅಣ್ಣ ಅವನ ಹೆಸರಿನಲ್ಲಿ ತಾನೇ ಕೂತು "ಬರಲಾಗುವುದಿಲ್ಲ" ಎಂದು ಉತ್ತರ ಬರೆದು ಕಳಿಸಿಬಿಟ್ಟಿದ್ದ. ತಮ್ಮನಿಗೆ ಇದು ಗೊತ್ತಾದದ್ದು ಹೋದ ತಿಂಗಳು, ಮನೆಗೆಲ್ಲ ಇದ್ದ ಒಂದೇ ಕಂಪ್ಯೂಟರಿನಲ್ಲಿ ಹಳೆಯ ಪತ್ರ ತಡಕುವಾಗ. ಕೇಳಿದರೆ ಅಣ್ಣ ನಕ್ಕ.

"ನೀನು ಹೋಗಿದ್ರೆ ನನ್ನಂಥ ಹೃದ್ರೋಗಿ ಗತಿ ಏನಪ್ಪಾ? ಇಲ್ಲಿ ನಿನಗೇನು ಕಮ್ಮಿಯಾಗಿದೆ ಹೇಳು?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ ಒಳಗೆಲ್ಲ ಮರಗಟ್ಟಿತು, ಅಷ್ಟೇ. ಅವತ್ತೇ ಅಣ್ಣನನ್ನು ಕೊಲ್ಲುವುದೆಂದು ತೀರ್ಮಾನಿಸಿ, ಊಟ ಮಾಡಿ, ತಟ್ಟೆ ತೊಳೆದಿಟ್ಟ.

ಅವನ ಕಸುಬು ಹಲ್ಲಿನ ಸೆಟ್ ಮಾಡುವುದು. ಅಚ್ಚಿನಿಂದ ತೆಗೆದದ್ದನ್ನು ಉಜ್ಜಿ ಉಜ್ಜಿ, ಅರದ ಒಂದು ಗೀರೂ ಕಾಣದ ಹಾಗೆ ಮಾಡಿದರೇ ಅವನಿಗೆ ಸಮಾಧಾನ. ಕೊಲೆಯನ್ನೂ ಹಾಗೇ ನುಣುಪು ಮಾಡಿದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಹೊರಗಿನ ವಿಷ ಯಾಕೆ, ಅಣ್ಣ ದಿನಾ ನುಂಗುವ ಮಾತ್ರೆಯೇ ಸಾಕು. ಎಷ್ಟಾದರೆ ಹೆಚ್ಚು, ಚಹಾದಲ್ಲಿ ರುಚಿ ಗೊತ್ತಾಗುತ್ತದೆಯೇ ಎಂಬುದನ್ನೆಲ್ಲ ಔಷಧಿ ಮಾಹಿತಿಯ ಜಾಲತಾಣವೊಂದರಲ್ಲಿ ಹನ್ನೊಂದು ದಿನ ಓದಿದ. ಈ ಹೃದಯ ಯಾವತ್ತು ಬೇಕಾದರೂ ನಿಲ್ಲಬಹುದು ಎಂದು ಡಾಕ್ಟರು ಹೇಳಿಯೇ ಇದ್ದರು. ಅನುಮಾನ ಪಡುವವರು ಯಾರು? ಪಡುವುದಾದರೆ ಅಣ್ಣನ ಮಗಳು ಪಡಬೇಕು. ಪಕ್ಕದ ಬಡಾವಣೆಯಲ್ಲಿದ್ದ ಆ ಗಣಿತದ ಟೀಚರು ಬರುತ್ತಿದ್ದುದು ಭಾನುವಾರ ಮಾತ್ರ. ಅದಕ್ಕೇ ಸೋಮವಾರ ಸಂಜೆಯನ್ನು ಆರಿಸಿಕೊಂಡ.

ಪೊಲೀಸರು ಚಾಪೆ ಕೆಳಗೆ ನುಸುಳಿದರೆ ತಾನು ರಂಗೋಲಿ ಕೆಳಗೆ ನುಸುಳಬೇಕಲ್ಲ? ಸೋಮವಾರ ಬೆಳಿಗ್ಗೆ ಅಣ್ಣ ಏಳುವ ಮೊದಲೇ ಕಂಪ್ಯೂಟರಿನ ಮುಂದೆ ಕೂತ. ಏನೇನು ನೋಡಿದ್ದೆ ಎಂಬ ಪಟ್ಟಿ ಅಳಿಸಿದ. ಯಾರು ಬಂದಿದ್ದರೆಂದು ಜಾಲತಾಣಗಳು ಗುರುತಿಗೆ ಇಟ್ಟುಹೋಗುವ ಪುಟ್ಟ ಚೀಟಿಗಳಿವೆಯಲ್ಲ, ಕುಕೀಗಳು, ಅವನ್ನೂ ಬಿಡಲಿಲ್ಲ. 'ಕಳೆದ ಒಂದು ಗಂಟೆ', 'ಕಳೆದ ವಾರ', 'ಎಲ್ಲ ಕಾಲ' ಎಂದು ಮೂರು ಆಯ್ಕೆ ಬಂತು. ಅರ್ಧಂಬರ್ಧ ಕೆಲಸ ಅವನ ಜಾಯಮಾನವಲ್ಲ. 'ಎಲ್ಲ ಕಾಲ' ಒತ್ತಿದ. ಆಮೇಲೆ ಕೀಲಿಮಣೆಯನ್ನೂ ಬಟ್ಟೆಯಲ್ಲಿ ಒರೆಸಿ ಲ್ಯಾಬಿಗೆ ಹೋದ. ಎರಡು ಮೇಲ್ದವಡೆ, ಒಂದು ಕೆಳದವಡೆ ಮುಗಿಸಿದ. ಅಣ್ಣ ಸಾಯುತ್ತಾನೆಂದು ಮನಸ್ಸಿಗೆ ಹೇಳಿ ನೋಡಿಕೊಂಡ. ಏನೂ ಅನ್ನಿಸಲಿಲ್ಲ.

ಸಂಜೆ ಮನೆಗೆ ಬಂದವನೇ ನೇರ ಅಡುಗೆಮನೆಗೆ ಹೋಗಿ ಚಹಾ ಮಾಡಿದ. ಅಣ್ಣನ ಮಾತ್ರೆಗಳ ಪುಡಿ ಹಾಕಿ ಕರಗುವವರೆಗೂ ಕಲಕಿದ. ಲೋಟ ಹಿಡಿದು ಕಂಪ್ಯೂಟರಿನ ಕೋಣೆಗೆ ಬಂದರೆ ಅದರ ಮುಂದೆ ಅಣ್ಣನ ಜೊತೆ ಅವನ ಮಗಳು!

"ನನ್ನ ಔಷಧಿ ವಿಷಯ ನೋಡೋಣ ಅಂದ್ರೆ ಬೆಳಿಗ್ಗೆಯಿಂದ ಈ ಡಬ್ಬ ನೀನು ಯಾರು, ಪಾಸ್‌ವರ್ಡ್ ಹೇಳು ಅಂತ ನನ್ನನ್ನೇ ಕೇಳ್ತಿದೆ ಕಣೋ," ಅಂದ ಅಣ್ಣ, ಲೋಟ ಇಸಿದುಕೊಳ್ಳುತ್ತ. "ಮೂರು ವರ್ಷದ ಹಿಂದೆ ಆ ಖಾತೆ ಇವಳೇ ತೆರೆದುಕೊಟ್ಟಿದ್ದು. ನನಗೇನು ನೆನಪಿರುತ್ತೆ? ಅದಕ್ಕೇ ಫೋನ್ ಮಾಡಿ ಕರೆಸಿದೆ."

ಅವಳು ಹೊಸ ಪಾಸ್‌ವರ್ಡ್ ಹಾಕಿ ಔಷಧಿಯ ಜಾಲತಾಣ ತೆರೆದಳು. 'ನೀವು ಇತ್ತೀಚೆಗೆ ಓದಿದ್ದು' ಎಂಬ ಪಟ್ಟಿ, ದಿನ ಗಂಟೆಯ ಸಮೇತ, ಪರದೆ ತುಂಬ ಇಳಿಯಿತು. ಹನ್ನೊಂದು ದಿನವೂ ಆ ಜಾಲತಾಣ ಅಣ್ಣನ ಹೆಸರಿನಲ್ಲೇ ತೆರೆದಿತ್ತು, ತಮ್ಮ ಅದನ್ನು ಗಮನಿಸಿರಲಿಲ್ಲ. ಬೆಳಿಗ್ಗೆ ಕುಕೀ ಅಳಿಸಿದ್ದರಿಂದ ಜಾಲತಾಣಕ್ಕೆ ಅಣ್ಣನ ಗುರುತು ತಪ್ಪಿತ್ತು, ಅಷ್ಟೇ. ಓದಿದ್ದೆಲ್ಲ ಅಣ್ಣನ ಖಾತೆಯಲ್ಲಿ ಭದ್ರವಾಗಿತ್ತು. ಅವಳು 'ಈ ಮಾತ್ರೆ ಎಷ್ಟಾದರೆ ಹೆಚ್ಚು' ಎಂಬ ಸಾಲಿನ ಮೇಲೆ ಬೆರಳಿಟ್ಟಳು. "ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ನೀವು ನನ್ನ ಜೊತೆ ಆಸ್ಪತ್ರೆಯಲ್ಲಿ ಇದ್ರಲ್ಲಪ್ಪಾ," ಅಂದಳು. ಆಮೇಲೆ ಚಿಕ್ಕಪ್ಪನ ಮುಖ ನೋಡಿದಳು. "ಅಪ್ಪಾ, ಆ ಲೋಟ ಕೆಳಗಿಡಿ."