ಬಾಲಕ್ಕೆ ಬಾಲ ಕಟ್ಟಿದ ಮಾತು

ಸ್ಟ್ರೋಕ್ ಆದಮೇಲೆ ಐಲರ್ಟನ ಬಾಯಿಂದ ಹೊರಬಿದ್ದ ಮೊದಲ ಇಡೀ ಪದ, ಗುನ್‌ವೋರ್ ಕಲಿಸಿದ ಪದವಾಗಿರಲಿಲ್ಲ.

ಅವಳು ಕಲಿಸಿದ್ದು ಬೇರೆ. ಚಳಿಗಾಲವೆಲ್ಲ ಅವನ ಅಡುಗೆಮನೆಯಲ್ಲಿ ಕೂತು, ಶಾಲೆಯ ಚಿಳ್ಳೆಪಿಳ್ಳೆಗಳಿಗೆ ಹೇಳಿಕೊಡುವ ಹಾಗೆಯೇ ಹೇಳಿಕೊಟ್ಟಿದ್ದಳು. ನಮ್ಮ ಲೋಫೋಟೆನ್ ದ್ವೀಪಗಳಲ್ಲಿ ಕಾಡ್ ಎಂಬ ಮೀನನ್ನು ಬಾಲಕ್ಕೆ ಬಾಲ ಕಟ್ಟಿ, ಜೋಡಿಜೋಡಿಯಾಗಿ ಗಳುವಿನ ಮೇಲೆ ಒಣಹಾಕುತ್ತಾರಲ್ಲ, ನಾರ್ವೆಯ ಮಾತೂ ಹಾಗೆಯೇ. ಮೀನು ಒಂದು ಪದ, ಸಾರು ಒಂದು ಪದ. ಗಂಟು ಹಾಕಿದರೆ ‘ಫಿಸ್ಕೆಸುಪ್ಪೆ’.

“ಮೊದಲು ಗಂಟು ಬಿಚ್ಚು ಮಾರಾಯ. ಆಮೇಲೆ ತುಂಡು ಮಾಡು. ಫಿಸ್-ಕೆ. ಸುಪ್-ಪೆ.”

ಮಕ್ಕಳಾದರೆ ತುಂಡಿಗೊಂದು ಚಪ್ಪಾಳೆ ತಟ್ಟುತ್ತಾರೆ. ಐಲರ್ಟನ ಬಲಗೈ ಸತ್ತಿತ್ತು. ಹಾಗಾಗಿ ಅವನ ಎಡಗೈ ಅವಳ ಅಂಗೈ ಮೇಲೆ ತಟ್ಟುತ್ತಿತ್ತು. ತಟ್ಟಿದ ಕೈ ಅಲ್ಲೇ ಉಳಿದುಬಿಡುತ್ತಿತ್ತು. ಅವಳು ಕಿಟಕಿಯಾಚೆ ಮೀನು ನೋಡುವವಳಂತೆ ನಟಿಸುತ್ತಿದ್ದಳು. ಅವನ ಸೊಟ್ಟ ಬಾಯಿಯ ನೆಟ್ಟಗಿದ್ದ ಅರ್ಧ ಮಾತ್ರ ನಗುತ್ತಿತ್ತು.

ವರ್ಷಗಟ್ಟಲೆಯ ಸ್ನೇಹ, ಮನೆ ಮಾತ್ರ ಅವನದು ಅವನಿಗೆ, ಅವಳದು ಅವಳಿಗೆ. ಪ್ರೀತಿ ಎಂಬ ಪದವನ್ನು ಇಬ್ಬರೂ ಆಡಿರಲಿಲ್ಲ. ಆ ಕರಾವಳಿಯಲ್ಲಿ ಅದನ್ನು ಇಗರ್ಜಿಯ ಬೆಳ್ಳಿ ಬಟ್ಟಲಿನ ಹಾಗೆ ಒಳಗಿಟ್ಟು, ಹೆಣ ಎತ್ತುವಾಗಷ್ಟೇ ಹೊರತೆಗೆಯುತ್ತಾರೆ.

ಈಗ ಅದಕ್ಕೇ ದಂಡ ಬಿದ್ದಿತ್ತು. ಪುರಸಭೆಯಿಂದ ಅದೇ ಅಡುಗೆಮನೆಗೆ ಬಂದ ಸಿನ್ನೆ ಎಂಬ ಹುಡುಗಿ, ಗುನ್‌ವೋರ್ ಹೆಂಡತಿಯಲ್ಲ, ಜೊತೆಗೆ ಬಾಳಿದವಳೂ ಅಲ್ಲ, ಹಾಗಾಗಿ ಎಲ್ಲಿರಬೇಕೆಂದು ಐಲರ್ಟನೇ ಹೇಳಬೇಕು, ಇಲ್ಲವಾದರೆ ಫ್ಯೋರ್ಡ್ ಎಂಬ ಕಡಲತೋಳಿನಾಚೆಯ ನರ್ಸಿಂಗ್ ಹೋಮೇ ಗತಿ ಎಂದಳು. ಓಸ್ಲೋದವಳು, ಆ ಕಡೆಯವರು ಪ್ರತಿ ಮಾತಿನ ತುದಿಯನ್ನೂ ಮೇಲಕ್ಕೆತ್ತುತ್ತಾರೆ, ಸಾವಿನ ಸುದ್ದಿಯನ್ನೂ ‘ಸಕ್ಕರೆ ಬೇಕಾ’ ಎಂದು ಕೇಳಿದ ಹಾಗೆ ಹೇಳುತ್ತಾರೆ.

ಈ ಪ್ರಶ್ನೆಗೆ ಉತ್ತರವೆಂದು ಗುನ್‌ವೋರ್ ಅವನಿಗೆ ಉರು ಹೊಡೆಸಿದ್ದು ‘ಸಂಬೂಎರ್’. ಸಂ ಎಂದರೆ ಜೊತೆ, ಬೂಎರ್ ಎಂದರೆ ವಾಸಿಸುವವಳು. ತುಂಡುತುಂಡಾಗಿ ಬರುತ್ತಿತ್ತು, ಒಟ್ಟಾಗಿ ಎಂದೂ ಬಂದಿರಲಿಲ್ಲ.

“ಎಲ್ಲಿರ್ತೀರಿ ಐಲರ್ಟ್?” ಸಿನ್ನೆ ಕೇಳಿದಳು.

ಅವನು ಗುನ್‌ವೋರಳನ್ನು ನೋಡಲಿಲ್ಲ. ಎಡಗೈಯಿಂದ ತನ್ನ ತೊಡೆಯ ಮೇಲೇ ತಟ್ಟಿದ.

“ಸೀ-ಕೆ-ಯೆಮ್.”

ರೋಗಿಗಳ ಮನೆ. ನರ್ಸಿಂಗ್ ಹೋಮ್. ಅವಳು ಬೇಕೆಂದೇ ದೂರವಿಟ್ಟಿದ್ದ ಪದ. ಅವಳು ಮನೆಗೆ ಹೋದಮೇಲೆ ಒಬ್ಬನೇ ಕೂತು, ಗಂಟು ಬಿಚ್ಚಿ, ತುಂಡು ಮಾಡಿ, ಮತ್ತೆ ಕಟ್ಟಿ ಕಲಿತಿದ್ದ.

ಗುನ್‌ವೋರಳ ಮುಖ ಬಿಳಿಚಿತು. ನಾಲ್ಕು ಜನರೆದುರು ಗಂಡಸಿನ ಮಾತಿಗೆ ಎದುರಾಡುವುದು ಅಲ್ಲಿ ಅವನನ್ನು ಬೆತ್ತಲೆ ಮಾಡಿದ ಹಾಗೆ. ಸಿನ್ನೆ ಬರೆದುಕೊಂಡು, ಕೆಲಸ ಮುಗಿದ ಹಗುರಕ್ಕೆ ಕಾಫಿ ಬೇಕಾ ಎಂದಳು. ಐಲರ್ಟ್ ತಲೆಯಾಡಿಸಿ ಬೇಡವೆಂದ. ಸಿನ್ನೆ ಕಾಫಿ ಜಗ್ ತೆಗೆದು ಅತ್ತ ಇಟ್ಟಳು.

ಅವನ ಕಣ್ಣು ಮಾತ್ರ ಜಗ್ಗಿನ ಹಿಂದೆಯೇ ಹೋಯಿತು.

ಗುನ್‌ವೋರ್ ಅದನ್ನು ನೋಡಿದಳು. ತಮ್ಮ ಊರಲ್ಲಿ ಮೊದಲ ಸಲ ಕೇಳಿದಾಗ ಕಾಫಿ ಬೇಕೆನ್ನುವವನು ನಾಚಿಕೆಗೆಟ್ಟವನು. ಎರಡನೇ ಸಲ ಕೇಳದವನು ಮನೆಹಾಳ. ಅವಳು ಎದ್ದು, ಜಗ್ ತಂದು, ಅವನ ಲೋಟ ತುಂಬಿಸಿದಳು. ಅವನು ಉಸಿರು ಬಿಡದೆ ಕುಡಿದ.

“ಅವನು ಆಗ ಹೇಳಿದ್ದನ್ನ ಹೊಡೆದುಹಾಕಿ,” ಗುನ್‌ವೋರ್ ಅಂದಳು. “ನಮ್ಮೂರಲ್ಲಿ ಎರಡನೇ ಸಲ ಕೇಳ್ಬೇಕು. ನಾನೇ ಕೇಳ್ತೀನಿ.”

ಅವನ ಎದುರು ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿದಳು. “ಐಲರ್ಟ್, ನಂಗೆ ನೀನು ಬೇಕು. ನಮ್ಮನೇಲಿ ಇರ್ತೀಯಾ?”

ಅವನ ಕೈ ಅವಳ ಅಂಗೈ ಮೇಲೆ ಬಿತ್ತು. ತಟ್ಟಲಿಲ್ಲ, ಹಿಡಿಯಿತು. ಬಾಯಿ ಏನೇನೋ ಹೆಣಗಿತು. ಮಾತು ಬರಲಿಲ್ಲ, ಬಿಕ್ಕು ಬಂತು.

ಸಿನ್ನೆಯ ದನಿ ಈ ಸಲ ಮೇಲೇಳಲಿಲ್ಲ. ಡಾಕ್ಟರು ಇನ್ನೊಂದು ಸ್ಟ್ರೋಕ್ ಖಂಡಿತ ಅಂದಿದ್ದಾರೆ, ಎತ್ತುವುದು, ತೊಳೆಯುವುದು, ಎಲ್ಲ ಗುನ್‌ವೋರಳೇ ಮಾಡಬೇಕು ಎಂದು ವಿವರಿಸಿದಳು. “ಟೀಚರ್, ಮುಂದಿನ ಮೀನಿನ ಕಾಲಕ್ಕೆ ನೀವು ಇವರನ್ನ ಮಣ್ಣು ಮಾಡ್ತಿರ್ತೀರಿ.”

“ಹೌದು,” ಗುನ್‌ವೋರ್ ಅಂದಳು, ಅವನ ಕೋಟಿನ ಗುಂಡಿ ಹಾಕುತ್ತ. “ನಮ್ಮನೆಯಿಂದ.”