ಫೋಟೋದಲ್ಲಿ ಇಲ್ಲದವಳು

"ಅಲ್ಲಾಡಬೇಡಿ. ಅಲ್ಲಾಡಿದಷ್ಟೂ ಒಳಗೆ ಹೋಗ್ತೀರ."

ಕನ್ನಡ!

ಚೆನ್ನೈ ಹೊರವಲಯದ ಎಣ್ಣೂರಿನ ಹಿನ್ನೀರಿನಂಚಿನಲ್ಲಿ, ಬೂದಿ ಬೆರೆತ ಕೆಸರಿನೊಳಗೆ ಮೊಣಕಾಲಿನವರೆಗೆ ಹೂತು ನಿಂತಿದ್ದ ತುಂಗಾಳಿಗೆ ಭಯಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು. "ಅಯ್ಯೋ, ನನ್ನ ಫೋನು" ಎಂದು ತಾನು ಕೂಗಿಕೊಂಡದ್ದು ಕನ್ನಡದಲ್ಲಿ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಆ ಯುವಕ ಕೆಸರಿನ ಮೇಲೆ ಹಲಗೆಯೊಂದನ್ನು ಹಾಸಿ, ಮಂಡಿಯೂರಿ ಕೈ ಚಾಚಿದ. ಅವಳು ಹಿಡಿದಳು. ಕಾಲು ಬಂತು, ಬೂಟು ಬರಲಿಲ್ಲ. ಫೋನಂತೂ ಎಲ್ಲಿ ಮುಳುಗಿತೋ ಏನೋ.

ಹೆಸರು ಗುರುಚರಣ. ಮೈಸೂರಿನವನು, ಚೆನ್ನೈಗೆ ಹೊಸಬ, ದೊಡ್ಡ ಕಂಪನಿಯೊಂದರ ಎಂಜಿನಿಯರ್. ತುಂಗಾ ಇದೇ ಚೆನ್ನೈನ ಪೆರಂಬೂರಿನಲ್ಲೇ ಹುಟ್ಟಿ ಬೆಳೆದ ರೈಲ್ವೆಯವರ ಮಗಳು. ಸೀತಾರಾಮ ಸರ್ ನಡೆಸುವ ಪುಟ್ಟ ಸಂಸ್ಥೆಯಲ್ಲಿ ಪರಿಸರ ಎಂಜಿನಿಯರ್. ಇಬ್ಬರೂ ಬಂದದ್ದು ಒಂದೇ ಸರ್ಕಾರಿ ಟೆಂಡರಿಗಾಗಿ. ಉಷ್ಣ ವಿದ್ಯುತ್ ಸ್ಥಾವರದಿಂದ ಬಂದು ತುಂಬಿದ್ದ ಬೂದಿ ತೆಗೆದು ಹಿನ್ನೀರಿಗೆ ಮತ್ತೆ ದಾರಿ ಮಾಡಿಕೊಡುವ ಕೆಲಸ ಅದು. ಟೆಂಡರ್ ಹಾಕುವವರು ಮೊದಲು ಜಾಗ ನೋಡಿರಬೇಕು, ಇಲಾಖೆಯ ಬೋರ್ಡಿನ ಮುಂದೆ ನಿಂತ ಫೋಟೋ ಅದಕ್ಕೆ ಸಾಕ್ಷಿ.

ಅಂದರೆ... ಕೈ ಹಿಡಿದು ಎಳೆದವನು ಎದುರಾಳಿ!

ಅವನ ಜೊತೆ ಇನ್ನಿಬ್ಬರಿದ್ದರು. ಮೂವರೂ ಬೋರ್ಡಿನ ಮುಂದೆ ನಿಂತರು. ಅವನ ಫೋನಿನಲ್ಲಿ ಫೋಟೋ ತೆಗೆದವಳು ತುಂಗಾಳೇ.

"ನಿಮ್ಮದೂ ಒಂದು ತೆಗೀಲಾ?" ಎಂದು ಅವನು ಕೇಳಿದ.

ಒಂದು ಕಾಲಿಗೆ ಬೂಟಿಲ್ಲ, ಮುಖದ ತುಂಬ ಬೂದಿ. "ಈ ಅವತಾರದಲ್ಲಾ? ಬೇಡಪ್ಪ. ನಾಳೆ ಬಂದು ತೆಗೆಸ್ಕೊತೀನಿ."

ನಮ್ಮ ಹುಡುಗಿಗೆ ಅಂದ ಕಾಪಾಡಿಕೊಳ್ಳಲು ಬೇರೆ ದಿನವೇ ಸಿಗಲಿಲ್ಲ! ಮರುದಿನ ಚಂಡಮಾರುತದ ಎಚ್ಚರಿಕೆ ಬಂತು, ದಡದ ದಾರಿ ಮುಚ್ಚಿತು. ದಾರಿ ತೆರೆಯುವಷ್ಟರಲ್ಲಿ ಟೆಂಡರಿನ ಗಡುವು ಮುಗಿದಿತ್ತು. ಗಡುವಿಗೆ ಮೊದಲೇ, ಜಾಗ ನೋಡಿದ್ದೇವೆ ಎಂದು ಬರೆದು, ಫೋಟೋ ಇಲ್ಲದೆಯೇ ಸೀತಾರಾಮ ಸರ್ ಅರ್ಜಿ ಹಾಕಿದ್ದರು.

ಆದರೆ ಅಂದು ದಡದ ಅಂಗಡಿಯಲ್ಲಿ ಇಬ್ಬರೂ ಕುಡಿದ ಚಹಾ ಮಾತ್ರ ಅಲ್ಲಿಗೇ ಮುಗಿಯಲಿಲ್ಲ. ಭಾನುವಾರ ಸಂಜೆಗಳಲ್ಲಿ ಕಡಲತೀರದ ನಡಿಗೆ ಶುರುವಾಯಿತು. ಟೆಂಡರಿನ ಮಾತು ಎತ್ತಬಾರದೆಂದು ಇಬ್ಬರೂ ಒಪ್ಪಿಕೊಂಡಿದ್ದರು. ನಿಮ್ಮ ಕನ್ನಡದಲ್ಲಿ ಅರ್ಧ ತಮಿಳೇ ಎಂದು ಅವನು ರೇಗಿಸಿದರೆ, "ಸುಮ್ಮಾ ಇರಿ, ನಮ್ಮ ಪಾಟಿ ಕಾಲದಿಂದ ಇಲ್ಲೇ ಇದೀವಿ" ಎಂದು ಅಜ್ಜಿಯನ್ನೂ ತಮಿಳಿನಲ್ಲೇ ಕರೆದು ಅವಳು ಮೂತಿ ತಿರುಗಿಸುತ್ತಿದ್ದಳು. ಸೋಮವಾರದಿಂದಲೇ ಅವಳ ಮನಸ್ಸು ಭಾನುವಾರವನ್ನು ಕಾಯತೊಡಗಿತ್ತು.

ಆಮೇಲೆ ಫಲಿತಾಂಶ ಬಂತು. ಗುತ್ತಿಗೆ ಅವನ ಕಂಪನಿಗೆ. ಇವರ ಅರ್ಜಿ ತಿರಸ್ಕೃತ, ಅದೂ ಜಾಗ ನೋಡಿದ್ದೇವೆಂದು ಸುಳ್ಳು ಹೇಳಿದ್ದಾರೆ ಎಂಬ ಕಾರಣಕ್ಕೆ! ಸುಳ್ಳೆಂದು ಖಚಿತವಾದರೆ ಸಂಸ್ಥೆ ಕಪ್ಪುಪಟ್ಟಿಗೆ ಸೇರುತ್ತದೆ. ಸೀತಾರಾಮ ಸರ್ ಬಾಗಿಲು ಹಾಕಬೇಕಾಗುತ್ತದೆ.

ಅವರು ಬೈಯಲಿಲ್ಲ. ಮೇಲ್ಮನವಿ ಹಾಕೋಣಮ್ಮಾ, ನೀನು ಹೋಗಿದ್ದು ನನಗೆ ಗೊತ್ತಲ್ಲ ಎಂದಷ್ಟೇ ಹೇಳಿದರು. ಅವಳಿಗೆ ಬೈಗುಳವೇ ಎಷ್ಟೋ ವಾಸಿ ಎನಿಸಿತು.

ಮೇಲ್ಮನವಿಯಲ್ಲಿ, ಆ ಕಂಪನಿಯವರೇ ತನ್ನನ್ನು ನೋಡಿದ್ದಾರೆಂದು ಅವಳು ಬರೆದಳು. ಕಂಪನಿಯ ಉತ್ತರ ಬಂತು: ಆ ದಿನ ನಮ್ಮವರು ಅಲ್ಲಿ ಬೇರೆ ಯಾರನ್ನೂ ಕಂಡಿಲ್ಲ.

ಕಂಡಿಲ್ಲವೇ? ಕೈ ಹಿಡಿದು ಎಳೆದವನು ಕಂಡಿಲ್ಲವೇ?

ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು. ಆಗಲೂ ಎತ್ತಲಿಲ್ಲ. ಆ ಭಾನುವಾರ ಯಾಕೆ ಹೊರಗೆ ಹೋಗಲಿಲ್ಲವೆಂದು ಅಮ್ಮ ಕೇಳಿದಾಗ, ತಲೆನೋವು ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಗುತ್ತಿಗೆ ಹೋದರೆ ಹೋಗಲಿ... ಅವನು ಹೀಗೆ ಮಾಡಬಾರದಿತ್ತು.

ವಿಚಾರಣೆ ನುಂಗಂಬಾಕ್ಕಂನ ಸರ್ಕಾರಿ ಕಚೇರಿಯೊಂದರಲ್ಲಿ ನಡೆಯಿತು. ಎದುರು ಸಾಲಿನಲ್ಲಿ ಅಂದಿನ ಆ ಇಬ್ಬರ ಜೊತೆ ಗುರುಚರಣ ಕೂತಿದ್ದ. ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಕಂಪನಿಯ ವಕೀಲರು ಆ ಫೋಟೋವನ್ನು ಮುಂದಿಟ್ಟರು. ನಮ್ಮವರು ಮೂವರೂ ಇದ್ದಾರೆ, ಈಕೆ ಎಲ್ಲಿದ್ದಾರೆ ತೋರಿಸಲಿ ಎಂದು ನಕ್ಕರು.

ತುಂಗಾ ಎದ್ದು ನಿಂತಳು. ಅದರಲ್ಲಿ ನಾನು ಇರುವುದು ಸಾಧ್ಯವಿಲ್ಲ, ಅದನ್ನು ತೆಗೆದವಳೇ ನಾನು ಎಂದಳು.

ಹಾಗೆ ಯಾರು ಬೇಕಾದರೂ ಹೇಳಬಹುದು ಎಂದರು ವಕೀಲರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿಣಿ ಕನ್ನಡಕ ಸರಿಪಡಿಸಿಕೊಂಡು, ಫೋಟೋದಲ್ಲಿದ್ದ ಮೂವರನ್ನೂ ನೋಡಿದರು. ಹಾಗಾದರೆ ತೆಗೆದವರು ಯಾರು?

ಇಬ್ಬರು ತಲೆ ತಗ್ಗಿಸಿದರು. ಗುರುಚರಣ ಎದ್ದ.

ತೆಗೆದದ್ದು ಇವರೇ, ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಇವರನ್ನು ಎಳೆದದ್ದು ನಾನೇ ಎಂದ. ಕಂಪನಿ ಕೊಟ್ಟ ಉತ್ತರ ತಪ್ಪೆಂದು ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ ಹೇಳಿದ.

ವಕೀಲರು ಬಿಡಲಿಲ್ಲ. ಇವರಿಬ್ಬರಿಗೂ ಪರಿಚಯವಿದೆ, ಮಾತಾಡಿಕೊಂಡೇ ಬಂದಿದ್ದಾರೆ ಎಂದರು.

"ಸ್ನೇಹ ಇತ್ತು," ಎಂದ ಗುರುಚರಣ. "ಆದರೆ ಮೇಲ್ಮನವಿ ಹಾಕಿದ ಮೇಲೆ ಒಂದು ಮಾತೂ ಆಡಿಲ್ಲ. ಅವರು ಫೋನ್ ಮಾಡಿದರು, ನಾನು ಎತ್ತಲಿಲ್ಲ. ಇವತ್ತು ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು."

ತುಂಗಾ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತಾನು ಅಷ್ಟು ದಿನ ಶಪಿಸಿದ್ದ ಆ ಮೌನವನ್ನು ಅವನು ತನಗಾಗಿಯೇ ಕಾಪಾಡಿಕೊಂಡಿದ್ದ! ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಸೀತಾರಾಮ ಸರ್ ಏನೂ ಕಾಣದವರಂತೆ ಅವಳತ್ತ ಕರವಸ್ತ್ರ ಸರಿಸಿದರು.

ತೀರ್ಪು ಬಂತು. ಸುಳ್ಳಿನ ಆರೋಪ ರದ್ದಾಯಿತು, ತಪ್ಪು ಉತ್ತರ ಕೊಟ್ಟ ಕಂಪನಿಯ ಗುತ್ತಿಗೆಯೂ ರದ್ದಾಯಿತು. ಎಲ್ಲರ ಅರ್ಜಿಗಳನ್ನೂ ಮತ್ತೆ ತೂಗಿ ನೋಡಬೇಕೆಂದು ಆದೇಶವಾಯಿತು. ಕೆಲಸ ಯಾರಿಗೆ ಸಿಗುವುದೋ ಗೊತ್ತಿಲ್ಲ, ಸಂಸ್ಥೆಯ ಬಾಗಿಲಂತೂ ತೆರೆದೇ ಉಳಿಯಿತು.

ಆ ಭಾನುವಾರ ಸಂಜೆ ಎಣ್ಣೂರಿನ ಬೋರ್ಡಿನ ಹತ್ತಿರ ಅವನು ಕಾಯುತ್ತಿದ್ದ.

"ನಿಮ್ಮ ಕೆಲಸ?" ಎಂದಳು.

"ಹೋಯ್ತು. ಬೇರೆ ಹುಡುಕಬೇಕು."

"ನನ್ನಿಂದ..."

"ನಿಮ್ಮಿಂದ ಅಲ್ಲ. ನಾನು ನೋಡಿದ್ದನ್ನ ಹೇಳಿದೆ ಅಷ್ಟೆ."

ನಿಮ್ಮನ್ನು ತಪ್ಪು ತಿಳಿದೆ ಎಂದು ಅವಳು ಒಪ್ಪಿಕೊಂಡಳು. ಅವನು ತಲೆಯಾಡಿಸಿದ.

"ಅವತ್ತು ನಿಮ್ಮ ಫೋಟೋ ತೆಗೀಲಾ ಅಂತ ಕೇಳಿದ್ನಲ್ಲ," ಎಂದ ಮೆಲ್ಲಗೆ, "ಟೆಂಡರಿಗೆ ಅಂತ ಕೇಳಿದ್ದಲ್ಲ ತುಂಗಾ. ನನಗೆ ಬೇಕಿತ್ತು."

"ಆ ಬೂದಿ ಮುಖಾನಾ?"

"ಆ ಮುಖಾನೇ."

"ಹೇಳ್ಬೇಕಿತ್ತು."

"ಹೇಳಿದ್ರೆ ನಿಲ್ತಿದ್ರಾ?"

"ಇಲ್ಲ." ಅವಳು ನಕ್ಕಳು, ಕಣ್ಣೊರೆಸಿಕೊಂಡಳು. "ಈಗ ನಿಲ್ತೀನಿ."

ಅವನು ಫೋನ್ ಎತ್ತಿದ. ಅವಳು ಅವನ ಕೈ ಹಿಡಿದು ತಡೆದಳು.

"ನೀವಲ್ಲ. ಆ ಚಹಾ ಅಂಗಡಿ ಅಕ್ಕನ್ನ ಕರೀರಿ. ಈ ಸಲ ಇಬ್ರೂ ಇರೋಣ."